ಭಾಗ್ಯಶ್ರೀಯ ಬಲಗೈ

ಗವಸು ತೊಟ್ಟ ಬಲಗೈ ಗುಂಡಿಯೊಳಗೆ ಇಳಿದು ಒಂದು ಹಿಡಿ ಮಣ್ಣು ಎತ್ತಿತು, ಹಿಸುಕಿತು, ಬಿಟ್ಟಿತು. ಹದ ಸಾಲದು ಅನ್ನಿಸಿತೋ ಏನೋ, ಪಕ್ಕದ ಬುಟ್ಟಿಯಿಂದ ಹಳೆಗೊಬ್ಬರ ತಂದು ಬೆರೆಸಿತು. ಆಮೇಲೆ ಒದ್ದೆ ಬಟ್ಟೆಯ ಗಂಟಿನಿಂದ ಮೊಳಕೆಯೊಡೆದ ಹೀರೆ ಬೀಜವೊಂದನ್ನು ಎತ್ತಿ, ಮೊಳಕೆ ಕೆಳಗಾಗುವಂತೆ ಓರೆಯಾಗಿ ಊರಿ, ಎರಡು ಬೆರಳಲ್ಲಿ ಮಣ್ಣು ಎಳೆದು, ಅಂಗೈಯಿಂದ ಮೆಲ್ಲಗೆ ತಟ್ಟಿತು. ಇಷ್ಟನ್ನೂ ಮಾಡಿದ ಕೈ ಗವಿಸಿದ್ಧಪ್ಪನದು. ಮಾಡಿಸಿದ ಕೈ ಅವನ ಹೆಂಡತಿ ಭಾಗ್ಯಶ್ರೀಯದು. ಆಕೆ ತೀರಿಹೋಗಿ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದಿದ್ದವು.

ತಟ್ಟಿದ ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಮಣ್ಣಿನಿಂದ ಮೇಲೆದ್ದು ಬಲಕ್ಕೆ ಸರಿಯಿತು. ಅಲ್ಲಿ ಏನೂ ಇರದ ಕಡೆ ಗಾಳಿಯನ್ನು ಚಿವುಟಿ ಹಿಡಿದು, ಒಮ್ಮೆ ಎಳೆದು, ಹಾಗೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಬೆರಳು ಬಿಚ್ಚಿಕೊಂಡು ಮುಂದಿನ ಗುಂಡಿಗೆ ಹೊರಟಿತು.

"ಮತ್ತ ಅದ ಹಾಡು," ಎಂದು ಗವಿಸಿದ್ಧಪ್ಪ ಗೊಣಗಿದ.

ಅದು ಈ ಶತಮಾನದ ಅರವತ್ತರ ದಶಕ. ಊರು ಕೊಪ್ಪಳ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಅನ್ನುವ ಗಾದೆ ಹಳತಾಗಿತ್ತು; ಚಳಿ ಈಗ ಸಂಕ್ರಾಂತಿಗೇ ಹೇಳದೆ ಕೇಳದೆ ಹೋಗಿಬಿಡುತ್ತಿತ್ತು. ಆದರೂ ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಹಿತ್ತಲಲ್ಲಿ ಮಾಡುವ ಕೆಲಸ ಬದಲಾಗಿರಲಿಲ್ಲ. ಚಳಿಗಾಲದ ಮೆಂತ್ಯದ ಮಡಿ ಕಿತ್ತು ಮಣ್ಣು ಮೊಗಚಬೇಕು. ಹೀರೆ, ಸೌತೆಗೆ ಗುಂಡಿ ತೋಡಬೇಕು. ಮೆಣಸಿನ ಸಸಿಗೆ ತೊಗರಿ ಕಟ್ಟಿಗೆಯ ತಡಿಕೆಯಿಂದ ನೆರಳು ಮಾಡಿ, ಬುಡಕ್ಕೆ ಶೇಂಗಾ ಹೊಟ್ಟು ಮುಚ್ಚಬೇಕು. ಪಡವಲದ ಎಳೆಗಾಯಿ ಡೊಂಕಾಗದಂತೆ ತುದಿಗೆ ದಾರದಲ್ಲಿ ಸಣ್ಣ ಕಲ್ಲು ಕಟ್ಟಬೇಕು. ಇವೆಲ್ಲ ಭಾಗ್ಯಶ್ರೀಯ ಕೆಲಸಗಳಾಗಿದ್ದವು. ಗವಿಸಿದ್ಧಪ್ಪ ಜೀವಮಾನವಿಡೀ ಬಸ್ಸು ಓಡಿಸಿದವನು. ಹಿತ್ತಲಲ್ಲಿ ಅವನ ಪಾಲಿಗೆ ಇದ್ದದ್ದು ನೀರು ಹೊರುವುದು, ಮತ್ತು ಊಟಕ್ಕೆ ಕೂತಾಗ ಹೊಗಳುವುದು.

ಗವಸನ್ನು ಕಂಡುಹಿಡಿದವಳು ಧಾರವಾಡದ ಒಂದು ಸಂಶೋಧನಾಲಯದ ಇಂಚರಾ. ಕೆಲವರು ಒಣಕಡ್ಡಿ ನೆಟ್ಟರೂ ಚಿಗುರುತ್ತದೆ, ಕೆಲವರು ಬಂಗಾರದಂಥ ಬೀಜ ಊರಿದರೂ ಕೊಳೆಯುತ್ತದೆ. ಇದನ್ನು ನಮ್ಮ ಜನ ಕೈಗುಣ ಎಂದು ಕರೆದು ಸುಮ್ಮನಾಗಿದ್ದರು. ಇಂಚರಾ ಸುಮ್ಮನಾಗಲಿಲ್ಲ. ಮಣ್ಣು ಎಷ್ಟು ಒತ್ತಬೇಕು, ಬೀಜ ಎಷ್ಟು ಆಳ ಇಳಿಯಬೇಕು, ಚಿಗುರನ್ನು ಯಾವ ಗೆಣ್ಣಿನಲ್ಲಿ ಚಿವುಟಬೇಕು ಎಂಬ ತೀರ್ಮಾನಗಳನ್ನು ಅನುಭವಿಯ ಬೆರಳುಗಳು ತಲೆಗೆ ಹೇಳದೆಯೇ ಮಾಡುತ್ತವೆ. ಆ ಗವಸಿನ ಒಳಪದರದ ಸೂಕ್ಷ್ಮ ಎಳೆಗಳು ಸ್ನಾಯುಗಳ ಪ್ರತಿಯೊಂದು ಎಳೆತವನ್ನೂ ದಾಖಲಿಸಿಕೊಳ್ಳುತ್ತಿದ್ದವು. ಮುಂದೆ ಬೇರೆ ಯಾರಾದರೂ ಅದನ್ನು ತೊಟ್ಟರೆ ಅವೇ ಎಳೆಗಳು ಕುಗ್ಗಿ ಹಿಗ್ಗಿ, ಅಕ್ಷರ ಕಲಿಸುವಾಗ ಮಾಸ್ತರು ಮಗುವಿನ ಕೈ ಹಿಡಿಯುವ ಹಾಗೆ, ತೊಟ್ಟವರ ಕೈಯನ್ನು ನಡೆಸುತ್ತಿದ್ದವು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಕೇಳಿದ್ದೆವು. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಊರಿಗೆಲ್ಲ!

ಬಯಲುಸೀಮೆಯ ಬೇಸಿಗೆ ತೋಟಕ್ಕೆ ಮಾದರಿಯಾಗಿ ಸಂಶೋಧನಾಲಯ ಆರಿಸಿದ್ದು ಭಾಗ್ಯಶ್ರೀಯ ಕೈಯನ್ನು. ಹಿಂದಿನ ವರ್ಷ ಇದೇ ಹೊತ್ತಿನಲ್ಲಿ ಅವಳು ಗವಸು ತೊಟ್ಟೇ ಹಿತ್ತಲ ಕೆಲಸವನ್ನೆಲ್ಲ ಮಾಡಿದಳು. ಮಳೆ ಶುರುವಾಗುವ ಮೊದಲೇ ಹೃದಯ ನಿಂತು ಹೋದಳು. ಈಗ ಅವಳ ಕೈಗುಣ ಸಾವಿರಾರು ಗವಸುಗಳಿಗೆ ಹರಡಿ, ಬಳ್ಳಾರಿಯ ತಾರಸಿಗಳಲ್ಲಿ, ರಾಯಚೂರಿನ ಹಿತ್ತಲುಗಳಲ್ಲಿ ಬೀಜ ಊರುತ್ತಿತ್ತು. ಗವಿಸಿದ್ಧಪ್ಪನ ಬಳಿ ಇದ್ದದ್ದು ಅವಳು ತೊಟ್ಟಿದ್ದ ಮೊದಲ ಗವಸು.

ಅದನ್ನು ತೊಟ್ಟಾಗ ಅವನಿಗೆ ಹೆಂಡತಿಯ ಗುಣ ಮಾತ್ರವಲ್ಲ, ಗದರಿಕೆಯೂ ಸಿಕ್ಕುತ್ತಿತ್ತು. ಒಂದು ದಿನ ಪಕ್ಕದ ಮನೆಯ ಹುಸೇನಬಿಗೆ ಪಡವಲದ ಪೀಚು ತೋರಿಸಲು ಬೆರಳು ಚಾಚಿದ. ಗವಸು ಆ ಬೆರಳನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿಬಿಟ್ಟಿತು. ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆತು ಉದುರುತ್ತದೆ ಎಂದು ಭಾಗ್ಯಶ್ರೀ ಯಾವಾಗಲೂ ಮಡಚಿದ ಬೆರಳಿನಿಂದಲೇ ತೋರಿಸುತ್ತಿದ್ದಳು. "ಸತ್ತ ಮ್ಯಾಲೂ ಬಿಡವಲ್ಲಳಲ್ಲೋ ಯಪ್ಪಾ!" ಎಂದು ಹುಸೇನಬಿ ನಕ್ಕಳು. ಗವಿಸಿದ್ಧಪ್ಪನೂ ನಕ್ಕ. ಆಮೇಲೆ ಒಳಗೆ ಹೋಗಿ ಒಬ್ಬನೇ ಅತ್ತ.

ಬೀಜ ಊರುವ ಕೆಲಸ ಶುರುವಾದ ಮೇಲೆಯೇ ಬಲಕ್ಕೆ ಎಳೆಯುವ ಈ ದೋಷ ಕಂಡದ್ದು. ದೂರು ಕೊಟ್ಟರೆ ಗವಸನ್ನೇ ವಾಪಸು ಒಯ್ದಾರು ಎಂಬ ಭಯಕ್ಕೆ ಮೊದಮೊದಲು ಬಾಯಿ ಮುಚ್ಚಿಕೊಂಡಿದ್ದ. ಆದರೆ ಕೈ ಗಾಳಿಯಲ್ಲಿ ನಿಂತಷ್ಟು ಹೊತ್ತು ನೀರು ಹಾಕಲಾಗದೆ ಬೀಜ ಒಣ ಮಣ್ಣಿನಲ್ಲಿ ಬೇಯುತ್ತಿತ್ತು. ಮೊದಲು ಊರಿದ ಸಾಲಿನ ಮೊಳಕೆಗಳೆಲ್ಲ ಬಿಸಿಲಿಗೆ ಸುಟ್ಟುಹೋದವು. ಉಳಿದದ್ದು ಒಂದು ಗಂಟು ಬೀಜ, ಭಾಗ್ಯಶ್ರೀ ಬೂದಿಯಲ್ಲಿಟ್ಟು ಕಾದಿರಿಸಿದ್ದು. ಮನಸ್ಸು ಗಟ್ಟಿ ಮಾಡಿ ಧಾರವಾಡಕ್ಕೆ ಫೋನು ಮಾಡಿದ.

ಇಂಚರಾ ತಾನೇ ಬಂದಳು. ಮೈಸೂರಿನ ಕಡೆಯ ಹುಡುಗಿ, ಹೆಗಲ ಮೇಲೆ ದುಪಟ್ಟಾ, ಕೈಯಲ್ಲಿ ಪುಟ್ಟ ಪೆಟ್ಟಿಗೆಯಂಥ ಯಂತ್ರ.

"ಈ ದೂರು ನಿಮ್ಮದೊಂದೇ ಅಲ್ಲ," ಎಂದಳು. "ಎಲ್ಲಾ ಗವಸುಗಳಲ್ಲೂ ಇದೆ. ಬೀಜ ಊರಿದ ಮೇಲೆ ಕೈ ಸುಮ್ಮನೆ ಬಲಕ್ಕೆ ಹೋಗತ್ತೆ. ಅದಕ್ಕೂ ತೋಟಕ್ಕೂ ಸಂಬಂಧ ಇಲ್ಲ. ತೆಗೆದುಹಾಕೋ ತಿದ್ದುಪಡಿ ಮಾಡಿಕೊಂಡು ಬಂದಿದೀನಿ. ಮೊದಲು ನಿಮ್ಮ ಗವಸಿಗೆ, ಅದರಿಂದ ಮಿಕ್ಕ ಎಲ್ಲಕ್ಕೂ."

"ತೆಗದ್ರ ಉಳಿದದ್ದು ಇರತೈತಿಲ್ರಿ? ಆಕಿ ಕೈ?"

"ಇರತ್ತೆ. ಆ ಒಂದು ಚಲನೆ ಮಾತ್ರ ಹೋಗತ್ತೆ. ಹೋದದ್ದು ಮತ್ತೆ ಬರಲ್ಲ, ಹಳೆಯದನ್ನ ಗವಸು ಇಟ್ಕೊಳ್ಳಲ್ಲ. ನಿಮ್ಮ ಒಪ್ಪಿಗೆ ಬೇಕು."

"ತಗೀರಿ ಹಂಗಾರ. ಬೀಜರ ಉಳೀಲಿ."

ಅವಳು ಯಂತ್ರವನ್ನು ಗವಸಿನ ಮಣಿಕಟ್ಟಿಗೆ ಜೋಡಿಸಿದಳು. ಅಳಿಸುವ ಮುಂಚೆ ದೋಷವನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. "ಒಂದು ಬೀಜ ಊರಿ. ಮೊಳಕೆ ಸುಡೋದು ಬೇಡ, ನೀರು ನಾನೇ ಹಾಕ್ತೀನಿ," ಎಂದು ತಂಬಿಗೆ ಹಿಡಿದು ಅವನ ಬಲಗಡೆ ಕುಕ್ಕರುಗಾಲಲ್ಲಿ ಕೂತಳು. ಕೂತವಳೇ ಮಣ್ಣಿನ ಉಷ್ಣಾಂಶದ ಬಗ್ಗೆ ಏನೋ ಹೇಳಲು ಹೊರಟಳು.

"ಶ್ ಶ್!" ಎಂದ ಗವಿಸಿದ್ಧಪ್ಪ. "ಬೀಜ ಊರೂ ಮುಂದ ಮಾತಾಡಬಾರದ್ರಿ. ಕಾಯಿ ಕಹಿ ಆಕ್ಕಾವು. ಆಕಿ ತವರುಮನಿ ಪದ್ಧತಿ ಇದು. ಅವರವ್ವ ಕಲಿಸಿದ್ದು."

ವಿಜ್ಞಾನಿಗೆ ನಗು ಬಂತು. ಆದರೆ ಹಿರಿಯರ ಹಿತ್ತಲು, ಬಾಯಿ ಮುಚ್ಚಿದಳು.

ಕೈ ಗುಂಡಿಗಿಳಿಯಿತು. ಮಣ್ಣು ಹಿಸುಕಿತು, ಬೀಜ ಊರಿತು, ತಟ್ಟಿತು. ಮೇಲೆದ್ದು ಬಲಕ್ಕೆ ಸರಿಯಿತು. ಈ ಸಲ ಅಲ್ಲಿ ಗಾಳಿ ಇರಲಿಲ್ಲ. ಬೆರಳುಗಳಿಗೆ ಇಂಚರಾಳ ದುಪಟ್ಟಾದ ಅಂಚು ಸಿಕ್ಕಿತು. ಹಿಡಿದು ಒಮ್ಮೆ ಎಳೆದವು.

ಏನೆಂದು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಮಾತಿಲ್ಲದ ಕಡೆ, ತಂಬಿಗೆ ಹಿಡಿದು ಪಕ್ಕದಲ್ಲಿ ಕೂತವರ ಬಟ್ಟೆ ಎಳೆದರೆ ಅರ್ಥ ಇನ್ನೇನಿದ್ದೀತು? ಇಂಚರಾ ನೀರು ಹಾಕಿದಳು.

ಗವಿಸಿದ್ಧಪ್ಪ ತನ್ನ ಕೈಯನ್ನೇ ನೋಡುತ್ತ ಕೂತ. ಇಂಚರಾ ಕೂತಿದ್ದದ್ದು ಪ್ರತಿ ಬೇಸಿಗೆಯೂ ಅವನು ಕೂರುತ್ತಿದ್ದ ಜಾಗ. ಬಸ್ಸಿನ ಪಾಳಿ ಮುಗಿಸಿ ಬಂದು, ತಂಬಿಗೆ ಹಿಡಿದು, ಹೊಳ್ಳಿ ನೋಡದೆ ರಸ್ತೆ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಅಂಗಿ ಜಗ್ಗಿದರೆ ನೀರು ಹಾಕುತ್ತಿದ್ದ. ಜಗ್ಗುವ ಕೈಯನ್ನು ಎಂದೂ ನೋಡಿರಲಿಲ್ಲ. ಅದಕ್ಕೇ ಅದು ತನ್ನ ಕೈಗೇ ಬಂದಾಗ ಗುರುತು ಸಿಗಲಿಲ್ಲ.

"ನನ್ನ ಅಂಗಿ ಇದು," ಎಂದ. ಪದ್ಧತಿ ಮುರಿದು ಮಾತಾಡಿದ್ದು ಅವನೇ. "ಗಾಳಿ ಅಲ್ರಿ, ನನ್ನ ಅಂಗಿ ಜಗ್ಗತಾಳಕಿ. ನಾ ಅಲ್ಲಿ ಇಲ್ಲ ಅಂತ ಗವಸಿಗೆ ಗೊತ್ತಿಲ್ಲ."

ನೀರು ಇಂಗಿತ್ತು. ಬೆರಳುಗಳು ಇನ್ನೂ ದುಪಟ್ಟಾ ಬಿಟ್ಟಿರಲಿಲ್ಲ.

"ನೀರು ಬಿದ್ದ ಮೇಲೂ ಹಿಡಿದೇ ಇದ್ದಾರಲ್ಲ?" ಎಂದು ಇಂಚರಾ ಮೆಲ್ಲಗೆ ಕೇಳಿದಳು.

"ಹೂಂ, ಹಂಗ ಹಿಡಕೊಂಡಿರ್ತಿದ್ಲು. ಮೊಣಕಾಲು ನೋವು ನೋಡ್ರಿ, ಏಳಾಕ ಆಸರಕ್ಕ ಅಂತ ನಾ ತಿಳಿದಿದ್ದೆ." ಹೊರಗಿನಿಂದ ವರ್ಷಗಟ್ಟಲೆ ತಿಳಿದಿದ್ದನ್ನು ಈಗ ಒಳಗಿನಿಂದ ತಿಳಿಯುತ್ತಿದ್ದ. "ಆದ್ರ ಇದರಾಗ ಭಾರನ ಇಲ್ಲಲ್ರಿ. ಬರೇ ಹಿಡಕೊಂಡಾಳ."

ಇಂಚರಾ ಯಂತ್ರದ ಪರದೆ ನೋಡಿದಳು. ಮೊದಲ ಎಳೆತಕ್ಕೆ ಗೆರೆ ಚುರುಕಾಗಿ ಏರಿ ಇಳಿದಿತ್ತು. ಅಲ್ಲಿಂದ ಮುಂದೆ ಗೆರೆ ನೆಲಕ್ಕೆ ಅಂಟಿದ ಹಾಗೆ ಸಪಾಟಾಗಿತ್ತು. ಭಾರ ಇರಲಿಲ್ಲ. ಅಷ್ಟು ತಿಂಗಳು ಸಂಶೋಧನಾಲಯದಲ್ಲಿ ಕೂತು ನೋಡಿದಾಗ ಅವಳು ಆ ಗೆರೆಗೆ ಅರ್ಥವಿಲ್ಲ ಎಂದು ಬರೆದಿದ್ದಳು.

"ಬ್ಯಾಡ್ರಿ," ಎಂದ ಗವಿಸಿದ್ಧಪ್ಪ. ಅವನ ಎಡಗೈ ಗವಸಿನ ಮೇಲೆ ಬಂದು ಮುಚ್ಚಿಕೊಂಡಿತ್ತು. "ತಗೀಬ್ಯಾಡ್ರಿ ಇದನ್ನ. ಬೀಜ ಎಲ್ಲಾ ಹೋದ್ರೂ ಹೋಗ್ಲಿ. ಇದೊಂದು ತಗೀಬ್ಯಾಡ್ರಿ."

ಅವಳು ಯಂತ್ರವನ್ನು ಮಣಿಕಟ್ಟಿನಿಂದ ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. "ನಿಮ್ಮದು ಹೀಗೇ ಇರಲಿ. ಆದ್ರೆ ಮಿಕ್ಕವರಿಗೆ ಏನು ಹೇಳ್ಲಿ? ಅವರ ಪಕ್ಕ ಯಾರೂ ಕೂತಿರಲ್ಲ, ಸುಮ್ಮನೆ ಗಾಳಿ ಎಳೀತಾರೆ." ಹೇಳುತ್ತ ಹೇಳುತ್ತಲೇ ವಿಜ್ಞಾನಿಯ ಬುದ್ಧಿ ಓಡಿತು. "ಒಂದು ಕೆಲಸ ಮಾಡಬಹುದು. ನಿಮ್ಮ ಕೈನೂ ದಾಖಲು ಮಾಡ್ಕೊಂಡ್ರೆ? ಊರೋದಕ್ಕೊಂದು ಗವಸು, ನೀರು ಹಾಕೋದಕ್ಕೊಂದು ಗವಸು. ಒಬ್ಬರೇ ಎರಡು ಕೈಗೂ ಹಾಕ್ಕೋಬಹುದು."

ಗವಿಸಿದ್ಧಪ್ಪ ಅವಳನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದ.

"ಎರಡು ಗವಸ ಯಾಕವಾ? ಇಬ್ಬರು ಕುಂತ್ರ ಸಾಕಲ್ಲ."

ಆ ಮಧ್ಯಾಹ್ನ ಅವರಿಬ್ಬರೂ ಸೇರಿ ಗಂಟಿನಲ್ಲಿದ್ದ ಬೀಜವನ್ನೆಲ್ಲ ಊರಿದರು, ಮಾತಿಲ್ಲದೆ. ಪ್ರತಿ ಗುಂಡಿಗೂ ಕೈ ಬಂದು ದುಪಟ್ಟಾ ಎಳೆಯಿತು, ನೀರು ಬಿತ್ತು, ಕೈ ಒಂದಿಷ್ಟು ಹೊತ್ತು ಹಿಡಿದುಕೊಂಡೇ ಇತ್ತು. ಇಂಚರಾ ಅವಸರ ಮಾಡಲಿಲ್ಲ.

ಧಾರವಾಡಕ್ಕೆ ಮರಳಿದ ಮೇಲೆ ಅವಳು ತಿದ್ದುಪಡಿಯನ್ನು ಯಾವ ಗವಸಿಗೂ ಕಳಿಸಲಿಲ್ಲ. ಬಳಕೆಯ ಸೂಚನೆಗಳ ಜೊತೆ ಒಂದು ಸಾಲು ಸೇರಿಸಿದಳಷ್ಟೆ: ಬೀಜ ಊರುವಾಗ ಬಲಗಡೆ ಯಾರನ್ನಾದರೂ ಕೂರಿಸಿಕೊಳ್ಳಿ, ಮಾತಾಡಬೇಡಿ. ಮೇಲಿನವರು ಬೈದರು, ಒಂಟಿ ಮನುಷ್ಯರಿಗೆಂದು ಮಾಡಿದ ಯಂತ್ರ ಇದು ಎಂದರು. ಗವಸು ಕೊಂಡವರಲ್ಲಿ ಕೆಲವರು ಸಿಟ್ಟಾಗಿ ಹಿಂತಿರುಗಿಸಿದರು. ಮಿಕ್ಕವರು ಆ ಬೇಸಿಗೆಯಲ್ಲಿ ಗಂಡನನ್ನೋ, ಅತ್ತಿಗೆಯನ್ನೋ, ಮಾತು ಬಿಟ್ಟಿದ್ದ ತಮ್ಮನನ್ನೋ ಕರೆದು ತಂಬಿಗೆ ಕೊಟ್ಟು ಕೂರಿಸಿದರು. ಮಾತಾಡಬಾರದೆಂಬ ನಿಯಮ ಇದ್ದದ್ದರಿಂದ ಮಾತು ಬಿಟ್ಟವರಿಗೂ ತೊಂದರೆಯಾಗಲಿಲ್ಲ.

ಇದೆಲ್ಲ ನಡೆಯಲು ಇನ್ನೂ ಬಹಳ ವರ್ಷಗಳಿವೆ. ನೀವು ಇದನ್ನು ಓದುವ ಹೊತ್ತಿಗೆ ಭಾಗ್ಯಶ್ರೀ ಹೈಸ್ಕೂಲು ಹುಡುಗಿ. ಶಿವರಾತ್ರಿ ಕಳೆದಿದೆ, ಬಿಸಿಲು ಏರುತ್ತಿದೆ. ಅವಳ ಅವ್ವ ಹಿತ್ತಲಲ್ಲಿ ಗುಂಡಿ ತೋಡಿ, ಒದ್ದೆ ಬಟ್ಟೆಯ ಗಂಟು ಬಿಚ್ಚಿಕೊಂಡು ಕೂತಿದ್ದಾಳೆ. ಊರಲು ಶುರು ಮಾಡಿದರೆ ಬಾಯಿ ಬಿಡುವಂತಿಲ್ಲ, ಅದಕ್ಕೆ ಮೊದಲೇ ಕೂಗುತ್ತಿದ್ದಾಳೆ.

"ಭಾಗ್ಯಾ, ತಂಬಿಗಿ ತಗೊಂಡು ಬಾರ!"

ಹುಡುಗಿ ಮೊಬೈಲಿನಿಂದ ತಲೆ ಎತ್ತದೆ "ಬಂದೆವಾ" ಅನ್ನುತ್ತಾಳೆ. ಇನ್ನೂ ಎದ್ದಿಲ್ಲ. ಅವ್ವನ ಬಲಗಡೆ ಜಾಗ ಖಾಲಿ ಇದೆ.