ನೇರಳೆ ತೋಪಿನಲ್ಲಿ ಒಡೆದ ಗಾಜು

ಗಾಜಿನ ಆರು ಫೋಟೋ ಪ್ಲೇಟುಗಳೂ ತೋಪಿನ ಶೆಡ್ಡಿನ ನೆಲದ ಮೇಲೆ ಪುಡಿಪುಡಿಯಾಗಿ ಬಿದ್ದಿದ್ದವು. ಪಕ್ಕದಲ್ಲಿ ಒಂದು ದಪ್ಪ ಕಲ್ಲು.

ಪ್ಲೇಟುಗಳು ಚಾಮರಾಜಪೇಟೆಯಲ್ಲಿ ಸ್ಟುಡಿಯೋ ನಡೆಸುವ ಮಹಾನಂದಳವು. ಇನ್ನೂ ರಸಾಯನದಲ್ಲಿ ತೊಳೆದು ಚಿತ್ರ ಮೂಡಿಸಿರಲಿಲ್ಲ. ಬೆಳಕು ತಗುಲಿದ ಮೇಲೆ ಚೂರು ಜೋಡಿಸಿದರೂ ಚಿತ್ರ ಸಿಗುವಂತಿರಲಿಲ್ಲ.

ಅದು 1951ರ ಜೂನ್. ಬಸವನಗುಡಿಯ ಆಚೆ, ಊರು ಮುಗಿಯುವಲ್ಲಿದ್ದ ನೇರಳೆ ತೋಪಿನಲ್ಲಿ ನಮ್ಮ ವನಶಿಬಿರ. ಪತ್ರಿಕೆಯವರು, ಚಿತ್ರಕಾರರು, ಫೋಟೋದವರು, ಒಟ್ಟು ಹನ್ನೆರಡು ಜನ. ಪ್ರತಿ ವರ್ಷ ಮೂರು ದಿನ ಪ್ರಕೃತಿಯ ಜೊತೆಗಿರುತ್ತೇವೆಂದು ಹೋಗುತ್ತಿದ್ದೆವು. ನಿಯಮ ಎರಡೇ. ತೋಪಿನೊಳಗೆ ಪತ್ರಿಕೆ ತರಕೂಡದು. ಬೆಳಿಗ್ಗೆ ಆರರಿಂದ ಏಳರವರೆಗೆ ಒಬ್ಬೊಬ್ಬರೂ ಒಂದೊಂದು ಮರದ ಕೆಳಗೆ ಮೌನವಾಗಿ ಕೂರಬೇಕು.

ಪ್ಲೇಟು ಒಡೆದದ್ದು ಆ ಮೌನದ ಹೊತ್ತಿನಲ್ಲಿ.

"ನಾವೆಲ್ಲ ಮರದ ಕೆಳ್ಗಿದ್ವಿ. ಓಡಾಡ್ತಿದ್ದವನು ಕೆಂಚಪ್ಪ ಒಬ್ನೇ," ಎಂದರು ಶಿಬಿರದ ಅಧ್ಯಕ್ಷ ವೀರಭದ್ರಯ್ಯ. ಅವರು ಶಂಕರಪುರದ ವಾರಪತ್ರಿಕೆಯೊಂದರ ಸಂಪಾದಕರು.

ಕೆಂಚಪ್ಪ ತೋಪಿನ ಮಾಲಿ. ಇಪ್ಪತ್ತು ವರ್ಷದಿಂದ ಅಲ್ಲೇ ಅವನ ಗುಡಿಸಲು. ಪೊಲೀಸರು ಬಂದರೆ ಕೆಲಸವೂ ಹೋಗುತ್ತಿತ್ತು, ಗುಡಿಸಲೂ ಹೋಗುತ್ತಿತ್ತು. ಆದರೂ ನಮ್ಮವರು ಅವನ ಕೈ ಕಟ್ಟಿದರು. ಹಗ್ಗದ ತುದಿ ಹಿಡಿದಿದ್ದವನು ನಾನು, ಹತ್ತು ವರ್ಷ ಅಪರಾಧ ಸುದ್ದಿ ಬರೆದ ರಾಮಸ್ವಾಮಿ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

*

"ಪ್ಲೇಟಲ್ಲಿ ಏನಿತ್ತಮ್ಮ?" ಎಂದು ಮಹಾನಂದಳನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಮರ ಕೊಯ್ಯೋ ಸಾಮಿಲ್ ಕಂಟ್ರಾಕ್ಟರ್ ಕಡಿಯೋ ಮರಗಳಿಗೆ ಟಾರಲ್ಲಿ ನಂಬರ್ ಹಾಕ್ತಿದ್ದ. ಜೊತೇಲಿ ನಮ್ಮೋರೊಬ್ರು ನಿಂತಿದ್ರು. ದೂರದಿಂದ ಮುಖ ಕಾಣ್ಲಿಲ್ಲ. ಪ್ಲೇಟ್ ತೊಳೆದ್ರೆ ಗೊತ್ತಾಗುತ್ತೆ ಅಂತ ನಿನ್ನೆ ಊಟದ ಪಂಕ್ತೀಲಿ ಹೇಳ್ದೆ. ನೀವು ಆ ತುದೀಲಿ ಕೂತಿದ್ರಿ, ಕೇಳಿಸ್ಲಿಲ್ವೇನೋ."

"ಕೆಂಚಪ್ಪ ಅಲ್ಲಿದ್ನಾ?"

"ಅವ್ನನ್ನ ಪಂಕ್ತಿಗೆ ಯಾರು ಕರೀತಾರೆ?"

ನನ್ನ ಮೈ ಉರಿದುಹೋಯಿತು. ಮರ ಹೋದರೆ ಅನ್ನ ಕಳೆದುಕೊಳ್ಳುವವನು ಕೆಂಚಪ್ಪ. ಆ ಪ್ಲೇಟಿನ ವಿಷಯವೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪಂಕ್ತಿಯಲ್ಲಿದ್ದ ನಮ್ಮವರಿಗೆ ಮಾತ್ರ.

ತಿರುಗಿ ಎಲ್ಲರನ್ನೂ ನೋಡಿದೆ. ಹಣ್ಣು ಉದುರುವ ಕಾಲ. ನನ್ನ ಪಂಚೆಯ ಹಿಂದೆಲ್ಲ ನೇರಳೆ ಬಣ್ಣ. ಮಹಾನಂದಳ ಸೀರೆಯೂ ಹಾಗೇ. ಹನ್ನೊಂದು ಜನರದೂ ಅದೇ ಗತಿ. ವೀರಭದ್ರಯ್ಯನವರ ಪಂಚೆ ಮಾತ್ರ ಅಗಸರ ಮನೆಯಿಂದ ಈಗ ಬಂದಂತಿತ್ತು.

*

"ಯಾವ ಮರದ ಕೆಳ್ಗೆ ಕೂತಿದ್ರಿ ಸಾರ್?"

"ಬಾವಿ ಹತ್ರ. ದೊಡ್ಡ ಮರ."

"ಒಂದು ಕಲೆನೂ ಇಲ್ವಲ್ಲ."

"ಪೇಪರ್ ಹಾಸ್ಕೊಂಡಿದ್ದೆ. ನಿಯಮ ಮುರಿದೆ, ತಪ್ಪಾಯ್ತು ಅನ್ಕೊಳ್ಳಿ."

"ತೋರಿಸಿ."

ಚೀಲದಿಂದ ತೆಗೆದುಕೊಟ್ಟರು. ಬಿಡಿಸಿ ಹಾಳೆ ಹಾಳೆ ನೋಡಿದೆ. ತೋಪಿನಲ್ಲೇ ಹೆಚ್ಚು ಹಣ್ಣು ಉದುರಿಸುವ ಮರದ ಕೆಳಗೆ ಒಂದು ಗಂಟೆ ಹಾಸಿದ್ದ ಕಾಗದವಂತೆ. ಅದರಲ್ಲಿ ಒಂದು ಕಲೆ ಇರಲಿಲ್ಲ, ಒಂದು ಸುಕ್ಕಿರಲಿಲ್ಲ.

"ಇದರ ಮೇಲೆ ಯಾರೂ ಕೂತಿಲ್ಲ ಸಾರ್. ಆ ಹೊತ್ತಲ್ಲಿ ನೀವು ಶೆಡ್ಡಲ್ಲಿದ್ರಿ. ಕಂಟ್ರಾಕ್ಟರ್ ಜೊತೆ ನಿಂತಿದ್ದವರೂ ನೀವೇ."

ಅವರು ಹತ್ತಿರದ ಬಂಡೆಯ ಮೇಲೆ ಕೂತರು.

"ಅಚ್ಚು ಹಾಕೋಕೆ ಕಾಗದ ಸಿಗ್ತಿಲ್ಲ ರಾಮಸ್ವಾಮಿ. ಪತ್ರಿಕೆ ನಿಂತ್ಹೋಗ್ತಿತ್ತು. ಮರ ಮಾರೋಕೆ ತೋಪಿನ ಯಜಮಾನ್ರನ್ನ ಒಪ್ಸಿದ್ರೆ ಕಾಗದ ಕೊಡಿಸ್ತೀನಿ ಅಂದ ಆ ಕಂಟ್ರಾಕ್ಟರ್."

ಆ ವಾರದ ಸಂಚಿಕೆಯಲ್ಲೇ ಇದೇ ಮರಗಳನ್ನು ಹೊಗಳಿ ಎರಡು ಪುಟ ಬರೆದಿದ್ದ ಮನುಷ್ಯ. ನನ್ನ ಕೈಯಲ್ಲಿದ್ದದ್ದು ಅದೇ ಸಂಚಿಕೆ, ಅದನ್ನು ಅವರ ಮಡಿಲಿಗೆ ಎಸೆದೆ.

ಕೆಂಚಪ್ಪನ ಹಗ್ಗ ನಾನೇ ಬಿಚ್ಚಿದೆ. ಮಣಿಕಟ್ಟು ಕೆಂಪಾಗಿತ್ತು.

"ಆ ಹೊತ್ತಲ್ಲಿ ನೀನೆಲ್ಲಿದ್ದೆ?"

"ಬಾವೀಲಿ ನೀರು ಸೇದ್ತಿದ್ದೆ ಸ್ವಾಮಿ. ದೊಡ್ಡ ಮರದ ಕೆಳ್ಗೆ ಯಾರೂ ಇರ್ಲಿಲ್ಲ."

"ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

ಅವನು ಪೊರಕೆ ತೆಗೆದುಕೊಂಡು ಗಾಜು ಗುಡಿಸಲು ಶೆಡ್ಡಿನ ಕಡೆ ಹೊರಟಿದ್ದ.

"ನೀವು ಯಾರೂ ಕೇಳ್ಲಿಲ್ಲ."

ಪ್ರಶ್ನೆ ಕೇಳುವುದೇ ಕಸುಬಾದ ಎಂಟು ಜನ ಪತ್ರಿಕೆಯವರು ನಮ್ಮಲ್ಲಿದ್ದೆವು.