ಬಾಳೆ ಎಲೆಯ ಕೆಳಗಿನ ಮರುಗ

“ನಿಮ್ಮ ಮೊಗ್ಗಿನಾಗ ಬ್ಯಾರೆ ವಾಸನಿ ಬೆರತೈತ್ರಿ ಅಮ್ಮಾ,” ಎಂದ ಮೊಗ್ಗು ಪರೀಕ್ಷೆ ಮಾಡುವ ಲ್ಯಾಬಿನ ಅರುಣಕುಮಾರ್, ನಮ್ಮವ್ವನ ಮುಖ ನೋಡದೆ.

ಹೂವಿನಹಡಗಲಿಯಲ್ಲಿ ಮಲ್ಲಿಗೆ ಬೆಳೆಯುವವಳಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ನಮ್ಮವ್ವ ಪಂಪಮ್ಮ ಮೂವತ್ತು ವರ್ಷದಿಂದ ಈ ತೋಟ ಮಾಡುತ್ತಿದ್ದಾಳೆ.

ಅವನು ಲ್ಯಾಬಿನ ಕಾಗದ ಬಿಚ್ಚಿದ. ಮೊಗ್ಗನ್ನು ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟು, ಅರಳಿದ ಮೇಲೆ ಒಳಗಿನ ಗಾಳಿಯನ್ನು ಮಷೀನಿಗೆ ಕೊಟ್ಟರೆ ಒಂದೊಂದು ಪರಿಮಳಕ್ಕೂ ಒಂದೊಂದು ಗೆರೆ ಏಳುತ್ತದೆಯಂತೆ. ಹದಿನೈದು ದಿನದ ಹಿಂದೆ ಬದುವಿನ ಮೇಲೆ ಕೂತು ನನಗೇ ಹೇಳಿಕೊಟ್ಟಿದ್ದ. ನಾನು ಅವನ ರೆಪ್ಪೆ ನೋಡುತ್ತಾ ಕೂತಿದ್ದೆ, ಪಾಠ ತಲೆಗೆ ಹೋಗಲಿಲ್ಲ.

“ಈ ಗೆರಿ ಮಲ್ಲಿಗಿದಲ್ರಿ. ಮಧ್ಯಾಹ್ನ ರಿಪೋರ್ಟ್ ಕಳಸಬೇಕು. ಬೆಳೆಗಾರರ ಸಂಘದ ಪಟ್ಟಿಯಿಂದ ನಿಮ್ಮ ತೋಟದ ಹೆಸರು ತಗೀತಾರ.”

ಪಕ್ಕದ ತೋಟದ ನಾಗಕ್ಕ ಬೇಲಿಗೆ ಬಂದು ನಿಂತಿದ್ದಳು. “ಎಸೆನ್ಸ್ ಹೊಡದಿಯೇನಬೇ ಪಂಪಮ್ಮ?”

“ಈ ಗಿಡದ ಆಣಿ, ನೀರು ಬಿಟ್ಟು ಏನೂ ಮುಟ್ಟಿಸಿಲ್ಲ,” ಎಂದಳು ಅವ್ವ.

ಆ ಗೆರೆ ಯಾವುದೆಂದು ನನಗೆ ತಟ್ಟನೆ ಹೊಳೆಯಿತು. ಹೋದ ವಾರ ಅವನು ನನ್ನ ಜಡೆ ನೋಡಿ ಕೇಳಿದ್ದ.

“ಮುಡಿಯಾಗ ಮಲ್ಲಿಗಿ ಜೋಡಿ ಮತ್ತೇನೋ ಘಮ ಐತಲ್ರಿ, ಏನದು?”

“ನಿಮ್ಮ ಮಷೀನ್ ಕೇಳ್ರಿ,” ಎಂದು ನಕ್ಕಿದ್ದೆ.

ನಮ್ಮ ಮನೆಯಲ್ಲಿ ಬೇಕಾದವರಿಗೆ ಮಲ್ಲಿಗೆಯನ್ನು ಬರಿದಾಗಿ ಕೊಡುವುದಿಲ್ಲ, ಒಂದು ಕಡ್ಡಿ ಮರುಗ ಇಟ್ಟೇ ಕೊಡುತ್ತೇವೆ. ಆಮೇಲೆ ಅವನು ಪರೀಕ್ಷೆಗೆ ಮೊಗ್ಗು ಒಯ್ಯುವ ಬಾಕ್ಸಿಗೆ ಬಾಳೆ ಎಲೆ ಹಾಸುವಾಗ ಅದರ ಕೆಳಗೆ ಮರುಗ ಸೇರಿಸಿದ್ದೆ. ಮೊಗ್ಗು ತೆಗೆದ ಮೇಲೆ ಸಿಗಲಿ, ನನ್ನನ್ನು ನೆನೆಸಿಕೊಳ್ಳಲಿ ಅಂತ. ಲ್ಯಾಬಿನಲ್ಲಿ ಅವನು ಚಿಮಟದಿಂದ ಮೊಗ್ಗಷ್ಟೇ ಎತ್ತಿಕೊಂಡಿದ್ದ. ಅಷ್ಟರಲ್ಲಿ ಮರುಗದ ವಾಸನೆ ಮೊಗ್ಗಿಗೆ ಹತ್ತಿಬಿಟ್ಟಿತ್ತು.

ಬಾಯಿ ಬಿಟ್ಟರೆ ನನ್ನ ಮಾನ, ಬಿಡದಿದ್ದರೆ ಅವ್ವನ ಹೆಸರು.

“ಅದು ಮರುಗ ರೀ. ನಾನಿಟ್ಟಿದ್ದೆ.”

ಅವ್ವ ತಿರುಗಿದಳು. “ಯಾಕಿಟ್ಟಿ?”

“ಇವ್ರಿಗಂತ ಇಟ್ಟೆ. ಇವ್ರ ಮ್ಯಾಲ ನನಗ ಮನಸೈತಿ.”

ನಾಗಕ್ಕ ಬಾಯಿಗೆ ಸೆರಗು ಹಿಡಿದಳು. ಅರುಣಕುಮಾರ್ ಬಾಕ್ಸ್ ತೆರೆದು ಒಣಗಿದ ಎಲೆ ಎತ್ತಿದ. ಕಪ್ಪಾದ ಮರುಗದ ಕಡ್ಡಿ ಅಲ್ಲೇ ಅಂಟಿಕೊಂಡಿತ್ತು. ಅವನ ಕಿವಿ ಕೆಂಪಾದವು. ಅಲ್ಲೇ ಕೂತು ಫಾರ್ಮಿನಲ್ಲಿ ‘ಕಲಬೆರಕೆ’ ಎಂಬುದನ್ನು ಹೊಡೆದುಹಾಕಿ ಬರೆದ: ‘ಬಾಕ್ಸ್ ಪರೀಕ್ಷಿಸದೆ ತಂದದ್ದು ನನ್ನ ತಪ್ಪು. ಮರುಪರೀಕ್ಷೆ ಆಗಬೇಕು.’

“ನಿಮಗ ಬೈತಾರಲ್ರಿ?” ಎಂದೆ.

“ಬೈಲಿ. ನೋಡೋದು ನನ್ನ ಕೆಲಸ ಆಗಿತ್ತು.”

ಅವ್ವ ಬುಟ್ಟಿ ಹಿಡಿದು ಸಾಲಿಗಿಳಿದಳು. ನಾನೂ ಹೊರಟೆ.

“ನೀ ಮುಟ್ಟಬ್ಯಾಡ,” ಎಂದಳು.

ನನಗೆ ಅಳು ಬಂತು. ಬಾಕ್ಸ್ ತೊಳೆದು, ಹೊಸ ಮೊಗ್ಗು ತುಂಬಿ ಅವನು ಬೈಕಿಗೆ ಕಟ್ಟುವಾಗ ಆ ಒಣ ಕಡ್ಡಿಯನ್ನೇ ಮುಂದೆ ಹಿಡಿದೆ. “ಇದನ್ನಾದ್ರೂ ಒಯ್ರಿ.”

“ಇವತ್ತು ಬ್ಯಾಡ. ಕೈಗೆ ಹತ್ತಿದ್ರ ಮತ್ತ ಆ ಗೆರಿ ಏಳತೈತಿ.”

ನನ್ನ ಮುಖ ಬಾಡಿತು. ಅವನು ಹಗ್ಗದ ಗಂಟು ಬಿಗಿದು ನನ್ನ ಕಡೆ ತಿರುಗಿದ.

“ನಾಳಿ ಬರ್ತೀನಿ, ಶಿವಲೀಲಾ. ಬಾಕ್ಸ್ ತರಂಗಿಲ್ಲ.”

ಮಲ್ಲಿಗೆ ಸಾಲಿನೊಳಗಿಂದ, ತಲೆ ಎತ್ತದೆಯೇ, ಅವ್ವ ಅಂದಳು: “ಒಬ್ನ ಬರಬ್ಯಾಡ ಅನ್ನು. ಅವ್ರವ್ವನ್ನೂ ಕರ್ಕೊಂಡು ಬರಾಕ ಹೇಳು.”