ಭಾನು ಹಿಡಿದ ಜಿಲೇಬಿ ಮೀನು

“ಮಾಮ, ಏಳು! ಬೆಂಡು ಮುಳುಗ್ತಾ ಐತೆ!”

ಜಯಕುಮಾರ್ ಮಾಮ ಏಳಲಿಲ್ಲ. ತೆಪ್ಪದ ಅಂಚಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದ. ಅವನ ಕೈಯಿಂದ ಗಾಳದ ಕೋಲು ಜಾರಿ ನೀರಿನ ಕಡೆ ವಾಲಿತ್ತು. ಭಾನು ಹಿಡಿಯಲು ಬಾಗಿದಳು. ಬಾಗಿದ್ದೇ ತಡ, ಅವಳಿಗೆ ತೊಡಿಸಿದ್ದ ದೊಡ್ಡವರ ಲೈಫ್ ಜಾಕೆಟ್ ಮೂಗಿನವರೆಗೆ ಏರಿ ಕೂತಿತು. ಅದನ್ನು ಕೆಳಗೆ ಜಗ್ಗಿ ನೋಡುವಷ್ಟರಲ್ಲಿ ಗಾಳದ ದಾರಕ್ಕೆ ಕಟ್ಟಿದ್ದ ಬೆಂಡು ಮತ್ತೆ ಮೇಲೆ ಬಂದಿತ್ತು. ದಾರ ಎಳೆದರೆ ಕೊಕ್ಕೆಯಲ್ಲಿ ಮೀನೂ ಇಲ್ಲ, ಎರೆಹುಳವೂ ಇಲ್ಲ.

“ಹೋಯ್ತು! ನಿನ್ನಿಂದ್ಲೇ ಹೋಯ್ತು ಮಾಮ!”

“ಹ್ಞಾಂ? ಶಿಫ್ಟ್ ಮುಗೀತಾ?” ಎಂದ ಮಾಮ, ಕಣ್ಣು ಬಿಡದೆ.

ಮಾಮನಿಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಅವನೂ ಅವನ ಫ್ರೆಂಡ್ ಲೋಕೇಶನೂ ಡ್ಯಾಮಿನ ಹತ್ತಿರ ಇಡೀ ದಿನಕ್ಕೆ ತೆಪ್ಪ ಗೊತ್ತು ಮಾಡಿಕೊಂಡು ಮೀನು ಹಿಡಿಯಲು ಹೋಗುತ್ತಾರೆ. ಈ ಸಲ ಭಾನು ಹಿಂದೆ ಬಿದ್ದು, ಗೋಗರೆದು, ಅವರ ಜೊತೆ ಬಂದಿದ್ದಳು. ಇಬ್ಬರೂ ನೈಟ್ ಶಿಫ್ಟ್ ಮುಗಿಸಿ, ಮನೆಗೂ ಹೋಗದೆ, ಬಸ್ಸು ಹಿಡಿದು ನೇರ ಭಾನುವಿನ ಊರು ಹೊಂಗನೂರಿಗೆ ಬಂದಿಳಿದಿದ್ದರು. ತೆಪ್ಪ ನೀರಿಗಿಳಿದ ಸ್ವಲ್ಪ ಹೊತ್ತಿಗೇ ಲೋಕೇಶ ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ. ಮಾಮ ಪಾಪ, ಅವನಿಗಿಂತ ಒಂದಿಷ್ಟು ಹೊತ್ತು ಹೆಚ್ಚಿಗೆ ತಡೆದ.

ಭಾನುವಿಗೆ ಅಳು ಬರುವಂತಾಯಿತು. ಅವಳಿಗೆ ಮೀನು ಬೇಕೇ ಬೇಕಿತ್ತು.

ಅವಳ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಾರೆ. ಮನೆಯಲ್ಲಿ ಹುಳ ಇರುವಾಗ ಮೀನು ತರುವಂತಿಲ್ಲ. ಆ ವಾಸನೆ ಹುಳಕ್ಕೆ ಆಗದು ಅಂತ ಅಜ್ಜಿಯ ಕಾಲದಿಂದ ನಡೆದು ಬಂದಿದೆ. ಅಮ್ಮ ಮಾಯಮ್ಮನಿಗೋ ಮೀನು ಅಂದರೆ ಪ್ರಾಣ. ಮೊನ್ನೆ ಹುಳದ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಬಂದವಳು ಗೋಡೆಗೆ ಒರಗಿ ಕೂತು, “ಬಾಯೆಲ್ಲಾ ಸಪ್ಪೆ ಆಗೋಗೈತೆ ಕಣೆ ಭಾನು. ಒಸಿ ಮೀನ್ಸಾರು ಉಣ್ಬೇಕು ಅನ್ಸ್ತೈತೆ,” ಅಂದಿದ್ದಳು. ಅಮ್ಮ ಏನನ್ನೂ ಬೇಕು ಅನ್ನುವವಳಲ್ಲ. ಅದಕ್ಕೇ ಆ ಮಾತು ಭಾನುವಿನ ಕಿವಿಯಲ್ಲೇ ಉಳಿದುಬಿಟ್ಟಿತ್ತು.

ಇವತ್ತು ಬೆಳಿಗ್ಗೆ ನೋಡಿದರೆ ಹುಳ ಹಣ್ಣಾಗತೊಡಗಿದ್ದವು. ಹಣ್ಣಾದ ಹುಳದ ಮೈ ಹಳದಿ ತಿರುಗುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ನೂಲು ದಂಡ. ಮನೆಯವರೆಲ್ಲ ಕೈ ಹಾಕಲೇಬೇಕಾದ ದಿನ ಅದು. ಭಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಳು. ಅಮ್ಮ ಅವಳ ಮುಖ ನೋಡಿ, “ಹೋಗು, ಮಾಮನ್ ಜೊತೆ ಹೋಗ್ಬಾ. ನಾನೂ ನಿಮ್ಮಪ್ಪನೂ ನೋಡ್ಕತೀವಿ,” ಎಂದಳು.

“ನಿಂಗೆ ಮೀನು ತತ್ತೀನಿ ಕಣಮ್ಮ,” ಎಂದು ಮಾತು ಕೊಟ್ಟು ಬಂದಿದ್ದಳು ಭಾನು. ಸಂಜೆಗೆ ಹುಳವೆಲ್ಲ ಚಂದ್ರಿಕೆ ಸೇರಿರುತ್ತವೆ, ಆಮೇಲೆ ಮೀನು ಬೇಯಿಸಬಹುದು ಅನ್ನುವುದು ಅವಳ ಲೆಕ್ಕ.

ತೆಪ್ಪ ನಡೆಸುತ್ತಿದ್ದ ಮುಬಶ್ಶಿರಣ್ಣ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನಕ್ಕ. “ಎಬ್ಬಿಸ್ಬ್ಯಾಡ ಬುಡು ಪುಟ್ಟಿ. ವರ್ಷಾ ವರ್ಷಾ ಹಿಂಗೇಯ. ಮೀನು ಮೀನು ಅಂತ ಬತ್ತಾರೆ, ನಿದ್ದೆ ಹೊಡ್ಕಂಡು ಹೋಯ್ತಾರೆ.”

“ಮನೇಲೇ ಮಲಗ್ಬೋದಿತ್ತಲ್ಲಣ್ಣ?”

“ಈ ನೀರ್ ಮ್ಯಾಲಾದ್ರೆ ಯಾರೂ ಕೆಲ್ಸಕ್ಕೆ ಕರಿಯಾಕಿಲ್ವಲ್ಲ!”

ಭಾನುವಿಗೆ ಆ ಮಾತು ಹಿಡಿಸಲಿಲ್ಲ. ನಿದ್ದೆ ಮಾಡಲು ಯಾರಾದರೂ ತೆಪ್ಪ ಹತ್ತುತ್ತಾರಾ?

ಲೋಕೇಶ ಟವೆಲ್ ಒಳಗಿಂದಲೇ, “ನಿಮ್ಮನೆ ರೇಷ್ಮೆಹುಳ ಒಂದ್ ಹಿಡಿ ತಂದಿದ್ರೆ ಮೀನು ಓಡೋಡಿ ಬರೋವು,” ಎಂದು ರೇಗಿಸಿದ.

“ಥೂ! ನಮ್ಮ ಹುಳಾನಾ?” ಭಾನುವಿಗೆ ನಿಜವಾಗಲೂ ಸಿಟ್ಟು ಬಂತು. ಲೋಕೇಶನಿಗೆ ಅದು ಕೇಳಿಸಿತೋ ಇಲ್ಲವೋ, ಆಗಲೇ ಅವನ ಗೊರಕೆ ಶುರುವಾಗಿತ್ತು.

ಭಾನು ತಾನೇ ಕೋಲು ಹಿಡಿದು ಕೂತಳು. ಬಿಸಿಲು ಏರಿತು. ನೀರಿನ ಹೊಳಪಿಗೆ ಕಣ್ಣು ಉರಿಯಿತು, ತೋಳು ಜೋಮು ಹಿಡಿಯಿತು. ತಂದಿದ್ದ ಚಿತ್ರಾನ್ನ ತಿಂದದ್ದೂ ಆಯಿತು, ಬಾಟಲಿಯ ನೀರು ಬಿಸಿಯಾದದ್ದೂ ಆಯಿತು. ಬೆಂಡು ಮಾತ್ರ ಅಲ್ಲಾಡಲಿಲ್ಲ. ಯಾಕಾದರೂ ಬಂದೆನೋ ಅನ್ನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಬೆಂಡು ಗುಳುಂ ಎಂದು ಒಳಗೆ ಹೋಯಿತು.

“ಎಳಿ ಪುಟ್ಟಿ, ಎಳಿ!” ಎಂದ ಮುಬಶ್ಶಿರಣ್ಣ.

ಭಾನು ಹಲ್ಲು ಕಚ್ಚಿ ಎಳೆದಳು. ಒಂದು ಜಿಲೇಬಿ ಮೀನು ಪಟಪಟ ಬಡಿಯುತ್ತಾ ತೆಪ್ಪದೊಳಗೆ, ಸೀದಾ ಮಾಮನ ಹೊಟ್ಟೆಯ ಮೇಲೆ ಬಿತ್ತು. ಮಾಮ ಧಡಕ್ಕನೆ ಎದ್ದು, “ಅಯ್ಯಯ್ಯೋ!” ಎಂದು ಕೂಗಿದ. ಮೀನು ಭಾನುವಿನ ಎರಡು ಅಂಗೈಯಷ್ಟು ದೊಡ್ಡದಿತ್ತು. ಅವಳ ಖುಷಿ ಹೇಳತೀರದು.

ಮಾಮ ಅವಳನ್ನು ಊರಿಗೆ ತಂದು ಬಿಟ್ಟು ಬಸ್ಸಿಗೆ ಹೋದ. ಭಾನು ಮೀನಿನ ಕವರ್ ಹಿಡಿದು ಮನೆಗೆ ಓಡಿದಳು.

“ಅಮ್ಮಾ! ಮೀನು!”

“ಅಲ್ಲೇ ನಿಂತ್ಕ!” ಎಂದು ಒಳಗಿಂದ ಅಮ್ಮ ಕೂಗಿದಳು. “ಅರ್ಧ ಹುಳ ಇನ್ನೂ ತಟ್ಟೇಲೇ ಅವೆ. ಮೀನು ತಗಂಡು ಒಳೀಕೆ ಬತ್ತೀಯಾ? ಚಂದ್ರಿಕೆ ಮ್ಯಾಲಿದ್ರೂ ಅವು ಹುಳನೇ ಅಲ್ವೇನೆ? ಗೂಡು ಕಟ್ಟಿ ಮುಗಿಸ್ಬ್ಯಾಡ್ವಾ?”

ಇಷ್ಟು ದಿನ ಹುಳದ ಮನೆಯಲ್ಲೇ ಬೆಳೆದವಳಿಗೆ ಅಷ್ಟೂ ಹೊಳೆದಿರಲಿಲ್ಲ. ಭಾನುವಿನ ಮುಖ ಅಳುಮುಖವಾಯಿತು. ಅಮ್ಮ ಬಾಗಿಲಿಗೆ ಬಂದಳು. ಅವಳ ಕಣ್ಣು ಕೆಂಪಗಾಗಿ ಒಳಗೆ ಸೇರಿಕೊಂಡಿದ್ದವು.

“ಸರಿ, ಅಳ್ಬ್ಯಾಡ. ರಮ್ಯಕ್ಕನ ಮನೇಲಿ ಈ ಸಲ ಹುಳ ಇಲ್ಲ. ಅಲ್ಲೇ ಬೇಯ್ಸಾಕೆ ಹೇಳು. ನಾನು ಬತ್ತೀನಿ.”

ಎದುರು ಮನೆಯ ರಮ್ಯಕ್ಕ ನಗುತ್ತಲೇ ಮೀನು ತೊಳೆದು, ಹುಣಸೆಹಣ್ಣು ಕಿವುಚಿ, ಹಿತ್ತಲ ಒಲೆಯಲ್ಲಿ ಸಾರಿಟ್ಟಳು. ಘಮಘಮ ಅಂತು. ಅಮ್ಮ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತಳು. “ಏನ್ ವಾಸ್ನೆ ಕಣೆ!” ಎಂದು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡಳು.

ಭಾನು ತಾನೇ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಮೀನಿನ ನಡುವಿನ ದೊಡ್ಡ ತುಂಡು ಹಾಕಿಕೊಂಡು ಬಂದಳು. ಅಮ್ಮನ ತಲೆ ಭುಜದ ಮೇಲೆ ವಾಲಿತ್ತು.

“ಅಮ್ಮ, ಮೀನು.”

ಅಮ್ಮ ಅಲುಗಲಿಲ್ಲ. ದಿನವೆಲ್ಲ ಬಿಸಿಲಲ್ಲಿ ಬೆಂದು ತಂದದ್ದು. ಭಾನುವಿಗೆ ಸಿಟ್ಟು ಉಕ್ಕಿತು. ಭುಜ ಹಿಡಿದು ಅಲ್ಲಾಡಿಸಬೇಕು ಅಂತ ಕೈ ಚಾಚಿದಳು.

ಅಮ್ಮನ ಸೆರಗಿನ ಮೇಲೆ ಒಂದು ಹಣ್ಣು ಹುಳ ಹತ್ತುತ್ತಿತ್ತು. ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಾ, ಗೂಡು ಕಟ್ಟಲು ಜಾಗ ಹುಡುಕುತ್ತಿತ್ತು. ಪಕ್ಕದಲ್ಲೇ ಅಮ್ಮನ ಕೈ ಮಡಿಲಲ್ಲಿ ಬಿದ್ದುಕೊಂಡಿತ್ತು. ಬೆರಳುಗಳಿಗೆಲ್ಲ ಸೊಪ್ಪಿನ ಕರೆ. ನಿದ್ದೆಯಲ್ಲೂ ಆ ಬೆರಳುಗಳು ಏನನ್ನೋ ಆರಿಸುವಂತೆ ಮೆಲ್ಲಗೆ ಆಡುತ್ತಿದ್ದವು.

ಭಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟು, ಮೇಲೊಂದು ಮುಚ್ಚಳ ಮುಚ್ಚಿದಳು. ರಮ್ಯಕ್ಕನ ಬಚ್ಚಲಿಗೆ ಹೋಗಿ, ಮೀನಿನ ವಾಸನೆ ಹೋಗುವವರೆಗೆ ಸೋಪು ಹಾಕಿ ಹಾಕಿ ಕೈ ಉಜ್ಜಿದಳು. ರಮ್ಯಕ್ಕನಿಂದ ಅವಳ ಮಗಳ ಒಗೆದ ಫ್ರಾಕ್ ಕೇಳಿ ಹಾಕಿಕೊಂಡಳು. ಆಮೇಲೆ ಉಸಿರು ಬಿಗಿಹಿಡಿದು ಸೆರಗಿನ ಮೇಲಿನ ಹುಳವನ್ನು ಎತ್ತಿಕೊಂಡಳು.

ಮನೆಯಲ್ಲಿ ಅಪ್ಪ ಒಬ್ಬನೇ ಹುಳದ ತಟ್ಟೆಯ ಮುಂದೆ ಬಾಗಿ ಕೂತಿದ್ದ.

“ನಿಮ್ಮಮ್ಮ ಎಲ್ಲಮ್ಮಿ? ಉಂಡ್ಲಾ?”

“ಇನ್ನೂ ಇಲ್ಲ. ನಿದ್ದೆ ಮಾಡ್ತಾವ್ಳೆ,” ಎಂದಳು ಭಾನು. ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಯ ಮೇಲೆ ಬಿಟ್ಟಳು. “ಎಬ್ಬಿಸ್ಬ್ಯಾಡ ಅಪ್ಪ. ಇಲ್ಲಿ ನಾನಿದೀನಲ್ಲ.”

ಹಗಲೆಲ್ಲ ಅಮ್ಮ ಹುಳ ಆರಿಸುತ್ತಾ ಕೂತಿದ್ದ ಜಾಗದಲ್ಲಿ ಕೂತು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.